ಮೈಯಿಂದ ಹೊರಗೆ ನಿಂತ ಸನ್ನೆಗೋಲು

ಕನ್ನಡ ಪಂಡಿತನು ಸ್ಮರಣ ಸಂಚಿಕೆಗೆ ಲೇಖನ ಬರೆಯುವನೆಂದರೆ ಛಂದಸ್ಸನ್ನೋ ಶಾಸನವನ್ನೋ ಕುರಿತು ಬರೆದಾನೆಂದು ವಾಚಕರು ಎಣಿಸುವುದು ಸಹಜ. ಆದರೆ ನಮ್ಮ ಶಾಲೆಯಲ್ಲಿ ಕಲಿತು ಹೋದವರಲ್ಲಿ ಮೋಟಾರಿನ ಕೆಲಸವನ್ನೇ ವೃತ್ತಿಯಾಗಿ ಹಿಡಿದವರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲೆಲ್ಲ ಇದ್ದಾರೆ. ಅವರಲ್ಲೊಬ್ಬರು, ಮೈಯೆಲ್ಲ ತುಕ್ಕು ಹಿಡಿದು ಕಳಚಿಹೋಗಿ ಅಡಿಯ ಚೌಕಟ್ಟು, ಎಂಜಿನ್ನು, ಚಕ್ರಗಳು ಮಾತ್ರ ಉಳಿದಿದ್ದ ಹಳೆಯ ಫೋರ್ಡ್ ಒಂದನ್ನು ‘ಸ್ಪೀಡ್‌ಸ್ಟರ್’ ಆಗಿ ಕಟ್ಟಲು ಉದ್ಯುಕ್ತರಾದರು. ಬ್ರೇಕಿನ ಹಿಡಿಯನ್ನೂ ಗೇರಿನ ಹಿಡಿಯನ್ನೂ ಕಾರಿನ ಹೊರಮಗ್ಗುಲಿಗೆ ತರಬಹುದೇ, ತಂದರೆ ಅದು ಹಳೆಯ ವಸ್ತುವಿಗೆ ಮಾಡಿದ ಅಪಚಾರವಾಗುವುದೇ ಎಂಬುದು ಅವರ ಪ್ರಶ್ನೆ. ಕೇವಲ ಯಂತ್ರದ ಮಾತಾಗಿದ್ದರೆ ನನ್ನಲ್ಲಿಗೆ ಬರುತ್ತಿರಲಿಲ್ಲ. ಮೂಲ ಯಾವುದು, ತಿದ್ದುಪಡಿ ಯಾವುದು ಎಂಬುದು ಪಂಡಿತರು ಹೇಳಬೇಕಾದ ಮಾತೆಂದು ಅವರು ಬಗೆದರು. ಓಲೆಗರಿಯ ಪ್ರತಿಗಳ ನಡುವೆ ಬಹುಕಾಲ ಕಳೆದವನಿಗೆ ಈ ಜಿಜ್ಞಾಸೆ ಹೊಸದಲ್ಲ. ಆದರೆ ಓಲೆಗರಿಯಲ್ಲಿ ತಪ್ಪು ಪಾಠ ಹಿಡಿದರೆ ಅರ್ಥ ಕೆಡುತ್ತದೆ. ಬ್ರೇಕಿನಲ್ಲಿ ತಪ್ಪಿದರೆ ಪ್ರಾಣವೇ ಹೋದೀತು. ಆದಕಾರಣ ವಿಷಯವನ್ನು ಬುಡದಿಂದಲೇ ವಿವರಿಸಬೇಕಾಗಿದೆ.

ಲಿವರ್ ಎಂದು ಎಲ್ಲರೂ ಕರೆಯುವ ಸಾಧನಕ್ಕೆ ನಮ್ಮಲ್ಲಿ ಸನ್ನೆಗೋಲು ಎಂಬ ಒಳ್ಳೆಯ ಮಾತುಂಟು. ಬಾವಿಯಿಂದ ನೀರೆತ್ತುತ್ತಿದ್ದ ಏತವೂ ಸನ್ನೆಗೋಲೇ. ಸಂಜ್ಞೆಯಿಂದ ತದ್ಭವವಾಗಿ ಬಂದ ಸನ್ನೆ ಬೇರೆ, ಭಾರವನ್ನು ಮೀಟುವ ಈ ಸನ್ನೆ ಬೇರೆ ಎಂಬುದು ನನ್ನ ಎಣಿಕೆ. ಎತ್ತಿನ ಬಂಡಿಯಲ್ಲಿ ಗಾಲಿಯನ್ನು ಅಚ್ಚಿನಿಂದ ಜಾರದಂತೆ ತಡೆಯುವ ಕಡೆಗೀಲು ಕೂಡ ಗಾಲಿಯ ಹೊರಗೇ ಇರುವುದು. ಜೇಡರ ದಾಸಿಮಯ್ಯನ ವಚನದಲ್ಲಿ ಆ ಕೀಲು ಬಂದಿರುವುದನ್ನು ಅಧ್ಯಾಪಕ ಬಂಧುಗಳು ಬಲ್ಲರು. ಬಂಡಿಯ ಜೀವಾಳವಾದ ಭಾಗ ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ಹೊರಗಿರುವುದು ನಮ್ಮ ಬಡಗಿ ಕಮ್ಮಾರರಿಗೆ ಪರಕೀಯವಾದ ಸಂಗತಿಯಲ್ಲ.

ಮೋಟಾರು ಕಾರಿನಲ್ಲಿಯೂ ಆರಂಭದ ಪಾಠ ಇದೇ ಆಗಿದ್ದಿತು. 1907ರ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಆಗಲಿ, ಅಮೆರಿಕದ ಮರ್ಸರ್ ರೇಸ್‌ಎಬೌಟ್, ಸ್ಟಟ್ಜ್ ಬೇರ್‌ಕ್ಯಾಟ್ ಮುಂತಾದ ಓಟದ ಕಾರುಗಳಾಗಲಿ, ಚಾಲಕನ ಬಲಗೈಯ ಬಳಿ ಮೈಯಿಂದ ಹೊರಗೆ ಎರಡು ನೀಳವಾದ ಸನ್ನೆಗೋಲುಗಳನ್ನು ಹೊಂದಿದ್ದವು: ಒಂದು ಗೇರಿನದು, ಇನ್ನೊಂದು ಬ್ರೇಕಿನದು. 1924ರಲ್ಲಿ ಬಂದ ಬುಗಾಟಿಯ 35ನೆಯ ಮಾದರಿಯಲ್ಲಿ ಕೂಡ ಕೈಬ್ರೇಕು ಹೊರಗೇ ಇದ್ದಿತು. ಇದನ್ನು ಬರಿಯ ಠೀವಿಯೆಂದು ಭಾವಿಸಬಾರದು. ಆ ಕಾಲದ ಕಾರಿಗೆ ಉಕ್ಕಿನ ಎರಡು ನೀಳ ತೊಲೆಗಳ ಚೌಕಟ್ಟೇ ಬೆನ್ನೆಲುಬು. ಜನರು ಕೂರುವ ಮೈ ಅದರ ಮೇಲೆ ಬೋಲ್ಟುಗಳಿಂದ ಕುಳಿತ ಪೆಟ್ಟಿಗೆ ಮಾತ್ರ. ಗೇರುಪೆಟ್ಟಿಗೆಯು ಎಂಜಿನ್ನಿಗೆ ಅಂಟಿಕೊಂಡಿರದೆ ಚೌಕಟ್ಟಿನ ನಡುವೆ ಪ್ರತ್ಯೇಕವಾಗಿರುತ್ತಿತ್ತು. ಅದನ್ನು ಕದಲಿಸಲು ಒಂದು ಅಡ್ಡದಂಡ ತೊಲೆಯನ್ನು ದಾಟಿ ಮಗ್ಗುಲಿಗೆ ಬರಬೇಕು. ಬಂದ ಮೇಲೆ ಅಲ್ಲಿಯೇ ಅದಕ್ಕೆ ಹಿಡಿಯನ್ನು ತೊಡಿಸುವುದು ನೇರವಾದ ಮಾರ್ಗ. ಒಳಗೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ಕುಳಿತರೆ ಮೊಣಕೈ ಆಡಿಸಲೂ ಎಡೆಯಿರದು. ಹೊರಗಾದರೆ ತೋಳನ್ನು ಪೂರ್ಣವಾಗಿ ಬೀಸಿ ಎಳೆಯಬಹುದು. ಬಾಗಿಲಿಲ್ಲದ ಕಾರಿನಲ್ಲಿ ಹಿಡಿಯು ಯಾರ ದಾರಿಗೂ ಅಡ್ಡಿಯಲ್ಲ.

ಎಂಜಿನ್ನು ಮತ್ತು ಗೇರುಪೆಟ್ಟಿಗೆ ಒಂದೇ ಘಟಕವಾಗಿ ಬೆಸೆದುಕೊಂಡ ಮೇಲೆ ಪೆಟ್ಟಿಗೆಯ ಮುಚ್ಚಳದಿಂದಲೇ ಹಿಡಿಯನ್ನು ಮೇಲೆತ್ತುವುದು ಸುಲಭವಾಯಿತು. ಮೈ ಅಗಲವಾಯಿತು, ಬಾಗಿಲುಗಳು ಬಂದವು, ಸನ್ನೆಗೋಲುಗಳು ಒಳಸೇರಿದವು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಂತಹ ಕಡೆ ಹಳೆಯ ಕಾರುಗಳನ್ನು ನೋಡಲು ಹೋದವರು ದೀಪ, ಹಾರನ್ನುಗಳಲ್ಲಿಯೇ ಮೈಮರೆಯದೆ ಚಾಲಕನ ಮಗ್ಗುಲನ್ನೊಮ್ಮೆ ನಿರುಕಿಸಬೇಕು. ಹಿಡಿ ಎಲ್ಲಿದೆ ಎಂಬುದರಿಂದಲೇ ಕಾರಿನ ಕಾಲವನ್ನು ತಕ್ಕಮಟ್ಟಿಗೆ ಊಹಿಸಬಹುದು, ಲಿಪಿಯಿಂದ ಶಾಸನದ ಕಾಲವನ್ನು ಊಹಿಸುವಂತೆ.

ಇನ್ನು ಫೋರ್ಡ್ ‘ಟಿ’ ಮಾದರಿಯ ವಿಚಾರ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ಕಾರಿಗೆ ಸಾಮಾನ್ಯಾರ್ಥದ ಗೇರಿನ ಹಿಡಿಯೇ ಇಲ್ಲವೆಂದರೆ ಇಂದಿನ ಚಾಲಕರು ನಂಬಲಾರರು. ಕಾಲಿಗೆ ಮೂರು ಪೆಡಲುಗಳು. ಎಡಗಡೆಯದನ್ನು ಪೂರ್ತಿ ಒತ್ತಿದರೆ ನಿಧಾನದ ಗೇರು, ಪೂರ್ತಿ ಬಿಟ್ಟರೆ ವೇಗದ ಗೇರು, ನಡುವೆ ನಿಲ್ಲಿಸಿದರೆ ನ್ಯೂಟ್ರಲ್. ನಡುವಣದು ಹಿಂಚಲನೆಗೆ. ಬಲಗಡೆಯದು ಬ್ರೇಕಿಗೆ. ಒಳಗಿರುವುದು ಗ್ರಹಚಕ್ರದ ರಚನೆ. ನಡುವಣ ಹಲ್ಲುಚಕ್ರವನ್ನು ಸಣ್ಣ ಚಕ್ರಗಳು ಸುತ್ತುವುದರಿಂದ ಆ ಹೆಸರು.

ಇವುಗಳ ಜೊತೆಗೆ ಕೈಯ ಬಳಿ ಒಂದೇ ಒಂದು ಸನ್ನೆಗೋಲು ನೆಲದ ಹಲಗೆಯನ್ನು ಸೀಳಿಕೊಂಡು ಮೇಲೆದ್ದಿದೆ. ನೋಡುವವರು ಇದನ್ನು ಕೈಬ್ರೇಕೆಂದು ತಿಳಿದು ಸುಮ್ಮನಾಗುತ್ತಾರೆ. ಪೂರ್ತಿ ಮುಂದಿದ್ದಾಗ ವೇಗದ ಗೇರಿಗೆ ಅವಕಾಶ; ನೆಟ್ಟಗೆ ನಿಂತಾಗ ಕ್ಲಚ್ಚು ಬಿಡುತ್ತದೆ; ಪೂರ್ತಿ ಹಿಂದಕ್ಕೆ ಎಳೆದಾಗ ಕ್ಲಚ್ಚು ಬಿಟ್ಟಿರುವುದಲ್ಲದೆ ಹಿಂದಿನ ಗಾಲಿಗಳ ಬ್ರೇಕೂ ಬೀಳುತ್ತದೆ. ಚೌಕಟ್ಟಿಗೆ ಅಡ್ಡಲಾಗಿರುವ ಒಂದೇ ದಂಡವು ಈ ಎರಡು ಕಾರ್ಯಗಳನ್ನೂ ಹೊತ್ತಿದೆ. ಶ್ಲೇಷಾಲಂಕಾರದ ಪದದಂತೆ ಒಂದೇ ರೂಪ, ಎರಡು ಅರ್ಥ. ಒಂದರ್ಥವನ್ನು ಮಾತ್ರ ಗಮನಿಸಿ ತಿದ್ದಿದವನು ಇನ್ನೊಂದನ್ನು ಕೆಡಿಸುತ್ತಾನೆ.

ಕೆಡಿಸಿದರೆ ಏನಾಗುವುದು? ಟಿ ಮಾದರಿಯನ್ನು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಎಬ್ಬಿಸುವ ವಾಡಿಕೆಯುಂಟು. ಚಳಿಗೆ ಎಣ್ಣೆ ಗಟ್ಟಿಯಾಗಿದ್ದರೆ ಕ್ಲಚ್ಚಿನ ಬಿಲ್ಲೆಗಳು ಬಿಟ್ಟರೂ ಒಂದನ್ನೊಂದು ಎಳೆಯುತ್ತವೆ. ಎಂಜಿನ್ನು ಎದ್ದೊಡನೆ ಕಾರು ಮೆಲ್ಲನೆ ಎಬ್ಬಿಸಿದವನ ಮೈಮೇಲೆಯೇ ಬರಲು ನೋಡುತ್ತದೆ. ಆಗ ಅವನನ್ನು ಕಾಯುವುದು ಹಿಂದಕ್ಕೆ ಎಳೆದು ನಿಲ್ಲಿಸಿದ ಆ ಸನ್ನೆಗೋಲೊಂದೇ.

ಎರಡನೆಯ ಅಪಾಯ ಇನ್ನೂ ಸೂಕ್ಷ್ಮವಾದುದು. ಈ ಕಾರಿನ ಕಾಲುಬ್ರೇಕು ಗಾಲಿಯನ್ನು ಹಿಡಿಯುವುದಿಲ್ಲ, ಗೇರುಪೆಟ್ಟಿಗೆಯೊಳಗಿನ ಡ್ರಮ್ಮನ್ನು ಹಿಡಿಯುತ್ತದೆ. ಆ ಹಿಡಿತವು ನೀಳವಾದ ತಿರುಗುದಂಡದ ಮೂಲಕ ಹಿಂದಿನ ಅಚ್ಚಿಗೆ ಮುಟ್ಟಬೇಕು. ಸ್ಪೀಡ್‌ಸ್ಟರ್ ಕಟ್ಟುವವರು ಬಯಸುವ ರಕ್‌ಸ್ಟೆಲ್ ಎಂಬ ಎರಡು ವೇಗದ ಹಿಂದಿನ ಅಚ್ಚನ್ನು ಕೂಡಿಸಿದರೆ, ಅದನ್ನು ಬದಲಿಸಲು ಇನ್ನೊಂದು ಹಿಡಿ ಬರುತ್ತದೆ. ಮೊದಲು ಹೇಳಿದ ಪ್ರಶ್ನೆಯಲ್ಲಿನ ಗೇರಿನ ಹಿಡಿ ಇದೇ. ಈ ಹಿಡಿಯು ಎರಡು ಸ್ಥಾನಗಳ ನಡುವೆ ಸಿಕ್ಕಿಕೊಂಡಿತೆಂದರೆ ಅಚ್ಚಿಗೂ ಎಂಜಿನ್ನಿಗೂ ಸಂಬಂಧ ಕಡಿದುಹೋಗುತ್ತದೆ. ಆಗ ಕಾಲುಬ್ರೇಕನ್ನು ಎಷ್ಟು ತುಳಿದರೂ ಗಾಲಿಗೆ ಅದರ ಸುದ್ದಿಯೇ ಮುಟ್ಟದು. ಇಳಿಜಾರಿನಲ್ಲಿ ಉಳಿಯುವ ಆಸರೆ ಕೈಯ ಬ್ರೇಕು ಮಾತ್ರ. ಆದುದರಿಂದ ಗೇರಿನ ಹಿಡಿಯನ್ನು ಹೊರಕ್ಕೆ ತರುವ ಮುನ್ನ ಹಿಂದಿನ ಗಾಲಿಗಳ ಬ್ರೇಕನ್ನು ಬಲಪಡಿಸತಕ್ಕದ್ದು. ಈ ಕ್ರಮವನ್ನು ತಿರುಗುಮುರುಗು ಮಾಡಿದವರ ಕಾರಿನಲ್ಲಿ ನಾನಂತೂ ಕೂರಲಾರೆ.

ಇಷ್ಟು ತಿಳಿದ ಮೇಲೆ ಕೆಲಸದ ರೀತಿಯನ್ನು ಹೇಳಬಹುದು. ಸ್ಪೀಡ್‌ಸ್ಟರಿನ ಮೈ ಚೌಕಟ್ಟಿನಷ್ಟೇ ಕಿರಿದಾದುದರಿಂದ ಹಿಡಿ ಹೊರಹೋಗಲು ಅಡ್ಡದಂಡ ತೊಲೆಯಿಂದಾಚೆಗೆ ಕೆಲವು ಅಂಗುಲ ಚಾಚಬೇಕು. ಚಾಚಿದ ತುದಿಯನ್ನು ಎಳೆದಾಗ ದಂಡವು ಬಾಗಲೂ ನೋಡುತ್ತದೆ, ಹಗ್ಗದಂತೆ ಹೊಸೆದುಕೊಳ್ಳಲೂ ನೋಡುತ್ತದೆ. ಬಾಗದಿರಲು ಹೊರತುದಿಗೆ ಬೇರೊಂದು ಆಧಾರ ಕೊಡಬೇಕು. ಹೊಸೆಯದಿರಲು ದಂಡದ ವ್ಯಾಸವನ್ನು ಹೆಚ್ಚಿಸಬೇಕು. ವ್ಯಾಸ ಒಂದೂಕಾಲು ಪಟ್ಟಾದರೆ ಹೊಸೆತವನ್ನು ತಡೆಯುವ ಬಿಗಿ ಸುಮಾರು ಎರಡೂವರೆ ಪಟ್ಟಾಗುತ್ತದೆ, ವ್ಯಾಸ ಇಮ್ಮಡಿಯಾದರೆ ಹದಿನಾರು ಪಟ್ಟು. ಗಟ್ಟಿ ಸರಳಿಗಿಂತ ಅಗಲವಾದ ಕೊಳವೆ ಅದೇ ತೂಕದಲ್ಲಿ ಹೆಚ್ಚು ಬಿಗಿಯಾಗಿರುವುದು ಇದೇ ಕಾರಣದಿಂದ.

ಹಿಡಿಯ ಉದ್ದವನ್ನು ಅಂದಕ್ಕಾಗಿ ಮೊಟಕು ಮಾಡಬಾರದು. ಹಿಡಿ 18 ಅಂಗುಲ, ಕೆಳಗಿನ ತೋಳು 3 ಅಂಗುಲವಿದ್ದರೆ ಕೈಯ ಬಲ ಆರು ಪಟ್ಟಾಗುತ್ತದೆ: 20 ಕಿಲೋ ಎಳೆತಕ್ಕೆ ಸರಳಿನಲ್ಲಿ 120 ಕಿಲೋ. ಪ್ರತಿಯಾಗಿ ಕೈ 12 ಅಂಗುಲ ಚಲಿಸಿದರೆ ಸರಳು ಚಲಿಸುವುದು 2 ಅಂಗುಲ ಮಾತ್ರ. ಹಿಡಿಯನ್ನು 12 ಅಂಗುಲಕ್ಕೆ ಇಳಿಸಿದರೆ ಅದೇ ಎಳೆತಕ್ಕೆ 80 ಕಿಲೋ ದೊರೆಯುತ್ತದೆ. ನಷ್ಟವಾದ 40 ಕಿಲೋ ಇಳಿಜಾರಿನಲ್ಲಿ ನೆನಪಿಗೆ ಬಂದೀತು.

ಎಲ್ಲ ಆಧಾರಗಳೂ ಚೌಕಟ್ಟಿನ ಮೇಲೆಯೇ ಇರಬೇಕು, ಮೈಯ ತಗಡಿನ ಮೇಲಲ್ಲ. ಗುಂಡಿಬಿದ್ದ ರಸ್ತೆಯಲ್ಲಿ ಮೈಯೊಂದು ಕಡೆ, ಚೌಕಟ್ಟೊಂದು ಕಡೆ ಅಲುಗುವುದರಿಂದ ತಗಡಿಗೆ ಬಿಗಿದ ಬ್ರೇಕು ತನ್ನಷ್ಟಕ್ಕೆ ಹಿಡಿಯುತ್ತ ಬಿಡುತ್ತ ಇರುತ್ತದೆ. ತೊಲೆಗೆ ತೂತು ಕೊರೆಯುವುದು ಅನಿವಾರ್ಯವಾದರೆ ಅದರ ನಿಲುವಿನ ನಡುಭಾಗದಲ್ಲಿ ಕೊರೆಯಬೇಕೇ ವಿನಾ ಮೇಲಣ ಕೆಳಗಣ ಅಂಚುಗಳಲ್ಲಿ ಖಂಡಿತ ಕೂಡದು. ಭಾರದ ಬಾಧೆಯನ್ನೆಲ್ಲ ತಾಳುವುದು ಆ ಅಂಚುಗಳೇ. ಕಾರ್ಖಾನೆಯವರೇ ಬಿಟ್ಟಿರುವ ತೂತುಗಳನ್ನು ಬಳಸುವುದಂತೂ ಉತ್ತಮೋತ್ತಮ.

ಹಿಡಿಯ ಕೊಕ್ಕೆ ಕಚ್ಚಿ ನಿಲ್ಲುವ ಹಲ್ಲಿನ ಪಟ್ಟಿಯನ್ನೂ ಹಿಡಿಯ ಜೊತೆಗೇ ಅದೇ ನೇರಕ್ಕೆ ಹೊರತರಬೇಕು. ಇಲ್ಲವಾದರೆ ಕೊಕ್ಕೆ ಹಲ್ಲಿನ ಅರ್ಧ ಅಗಲವನ್ನು ಮಾತ್ರ ಕಚ್ಚಿ, ಸವೆದು, ಒಂದು ದಿನ ಜಾರುತ್ತದೆ. ಹಳೆಯ ಕುಲುಮೆಗೆಲಸದ ಹಿಡಿಗೆ ವೆಲ್ಡಿಂಗಿನ ಕಾವು ತಗುಲಿಸಿ ಆತುರದಲ್ಲಿ ತಣಿಸಿದರೆ ಕಣ್ಣಿಗೆ ಕಾಣದ ಬಿರುಕು ಹುಟ್ಟಬಹುದು. ಲೇತಿನಲ್ಲಿ ಕಡೆದ ಕೀಲಿಯಿಂದಲೂ ಮೊನೆಗೆ ಸಪೂರಾಗುವ ಪಿನ್ನಿನಿಂದಲೂ ಜೋಡಿಸುವುದು ನಿಧಾನವಾದರೂ ನಂಬಿಗೆಯ ಕ್ರಮ. ಬೇಕಾದಾಗ ಬಿಚ್ಚಲೂ ಬರುತ್ತದೆ. ಹೊರಗಿನ ಕೀಲಿಗೆ ಜಗಳೂರಿನ ಧೂಳೂ ಚನ್ನಗಿರಿಯ ಅಡಕೆ ತೋಟದ ಕೆಸರೂ ತಪ್ಪಿದ್ದಲ್ಲ. ಗ್ರೀಸು ತುಂಬುವ ಬಟ್ಟಲೊಂದನ್ನು ಇರಿಸಲೇಬೇಕು. ಗೇರಿನ ಹಿಡಿಗೂ ಬ್ರೇಕಿನ ಹಿಡಿಗೂ ನಡುವೆ ಮುಷ್ಟಿ ಹೊಗುವಷ್ಟು ಎಡೆಯಿರಲಿ.

ಕಡೆಗೆ ನ್ಯೂಟ್ರಲಿನ ಹೊಂದಾಣಿಕೆ. ಮುಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡಗಟ್ಟಿ, ಹಿಂದಿನ ಗಾಲಿಗಳನ್ನು ಗಟ್ಟಿಯಾದ ಆಧಾರದ ಮೇಲೆ ಎತ್ತಿ, ಹಿಡಿ ನೆಟ್ಟಗಿದ್ದಾಗ ಕ್ಲಚ್ಚು ಬಿಡುವುದೇ ಎಂದೂ, ಪೂರ್ತಿ ಹಿಂದೆಳೆದಾಗ ಎರಡು ಗಾಲಿಗಳೂ ಸಮನಾಗಿ ಹಿಡಿಯುವುವೇ ಎಂದೂ ಕೈಯಿಂದ ತಿರುಗಿಸಿ ನೋಡಬೇಕು. ಒಂದು ಗಾಲಿ ಹಿಡಿದು ಇನ್ನೊಂದು ಹಿಡಿಯದಿದ್ದರೆ ಕೆಲಸ ಮುಗಿದಿಲ್ಲವೆಂದೇ ಅರ್ಥ.

ಇದು ಅಪಚಾರವೇ ಎಂಬ ಪ್ರಶ್ನೆ ಉಳಿಯಿತು. 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ, ಚಾಸಿಸ್, ಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಅವಕಾಶ ಮಾಡಿತು. ಅವುಗಳ ಸಂಖ್ಯಾಫಲಕದಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಆದುದರಿಂದ ಮೈ, ಬಾಗಿಲುಗಳೆಲ್ಲ ಸುಸ್ಥಿತಿಯಲ್ಲಿರುವ ಕಾರನ್ನು ಕತ್ತರಿಸಿ ಹಿಡಿಯನ್ನು ಹೊರತರುವುದು ನನ್ನ ಮತದಲ್ಲಿ ಓಲೆಗರಿಯನ್ನು ಕೆರೆದು ಹೊಸ ಪದ್ಯ ಬರೆದಂತೆ. ಕಾನೂನಿನ ಕಣ್ಣಿಗೂ ಅದು ಹಿತವಾಗಲಾರದು. ಮೈಯೇ ಉಳಿಯದ ಬರಿಯ ಚೌಕಟ್ಟಿನ ಮಾತು ಬೇರೆ. ಟಿ ಮಾದರಿ ಚಾಲ್ತಿಯಲ್ಲಿದ್ದ ಕಾಲದಲ್ಲಿಯೇ ಅಮೆರಿಕದ ಹಲವು ಸಣ್ಣ ಕಾರ್ಖಾನೆಗಳು ಅದರ ಚಾಸಿಸ್ಸಿಗೆ ಹೊಂದುವ ಸ್ಪೀಡ್‌ಸ್ಟರ್ ಮೈಗಳನ್ನು ಮಾಡಿ ಮಾರುತ್ತಿದ್ದವು. ಅದೂ ಒಂದು ಪ್ರಾಚೀನ ಪಾಠಾಂತರವೇ ಸರಿ. ಆದರೂ ಹೊಸ ಮೈ ತೊಟ್ಟ ಚೌಕಟ್ಟಿಗೆ ‘ವಿಎ’ ದೊರೆಯುವುದೆಂದು ಭಾವಿಸಿ ಮುಂದುವರಿಯುವುದು ಸಲ್ಲದು. ಕಬ್ಬಿಣ ಕಾಯಿಸುವ ಮೊದಲೇ ಸಾರಿಗೆ ಕಛೇರಿಯಲ್ಲಿ ವಿಚಾರಿಸತಕ್ಕದ್ದು.

ಗ್ರಂಥಸಂಪಾದಕನು ತಾನು ಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಿ ಕಾಪಾಡುತ್ತಾನೆ. ಅದೇ ರೀತಿ ಬಿಚ್ಚಿದ ಮೂಲ ಹಿಡಿ, ಹಲ್ಲಿನ ಪಟ್ಟಿ, ಅಡ್ಡದಂಡಗಳಿಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಒಂದು ಪೆಟ್ಟಿಗೆಯಲ್ಲಿ ಕಾರಿನೊಂದಿಗೇ ಇಡಬೇಕು. ಯಾವ ಭಾಗ ಎಲ್ಲಿದ್ದಿತು, ಯಾವಾಗ, ಯಾರ ಕೈಯಿಂದ, ಯಾವ ಅಳತೆಯಲ್ಲಿ ಬದಲಾಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅದರೊಳಗೇ ಇರಿಸಬೇಕು. ಬರೆಹ ಕನ್ನಡದಲ್ಲಿರಲಿ, ಮುಂದೆ ಆ ಪೆಟ್ಟಿಗೆಯನ್ನು ತೆರೆಯುವ ಮಿಸ್ತ್ರಿಯೂ ಈ ಸೀಮೆಯವನೇ ಆಗಿರುವ ಸಂಭವ ಹೆಚ್ಚು.