ಅಡಿಕೆ ಚಪ್ಪರದ ಕೆಳಗೆ ಕಾರ್ಖಾನೆಯ ನಿಯಮ

2020ರ ಮಾರ್ಚ್ 24ರ ರಾತ್ರಿ ಪ್ರಧಾನಿ ನರೇಂದ್ರ ಮೋದಿ ಅವರು 21 ದಿನಗಳ ರಾಷ್ಟ್ರವ್ಯಾಪಿ ಲಾಕ್‌ಡೌನ್ ಘೋಷಿಸಿದಾಗ ಬೆಂಗಳೂರಿನ ಬಹುತೇಕ ಕಚೇರಿಗಳು ಮನೆಯಿಂದಲೇ ಕೆಲಸ ಎಂಬ ದಾರಿ ಹಿಡಿದವು. ತೀರ್ಥಹಳ್ಳಿ ತಾಲೂಕಿನ ಕೋಣಂದೂರಿನಂತಹ ಮಲೆನಾಡಿನ ಪೇಟೆಗಳಿಗೆ ಆ ದಾರಿ ಇರಲಿಲ್ಲ. ಅಲ್ಲಿ ಉದ್ಯಮವೆಂದರೆ ಕಿರಾಣಿ ಅಂಗಡಿ, ಹೋಟೆಲು, ಗ್ಯಾರೇಜು, ಸಹಕಾರಿ ಸಂಘ. ಇವೆಲ್ಲಕ್ಕೂ ಆಧಾರವಾಗಿ ಅಡಿಕೆ ತೋಟ, ಅಡಿಕೆ ಸುಲಿಯುವ ಅಂಗಳ, ಬೇಯಿಸಿದ್ದನ್ನು ಒಣಗಿಸುವ ಚಪ್ಪರ. ಮರದ ತುದಿಯಲ್ಲಿ ಕೊನೆ ಕೊಯ್ಯುವವನಿಗೆ ಮನೆಯಿಂದ ಕೆಲಸ ಮಾಡುವ ಸೌಲಭ್ಯವನ್ನು ಯಾವ ತಂತ್ರಜ್ಞಾನವೂ ಈತನಕ ಒದಗಿಸಿಲ್ಲ. ಹಾಗಾಗಿ ಯಾವ ಕೆಲಸ ನಡೆಯಬಹುದು, ಯಾವ ಷರತ್ತಿನ ಮೇಲೆ ನಡೆಯಬಹುದು ಎಂಬುದು ಅಲ್ಲಿನವರಿಗೆ ಆ ದಿನದ ಕೂಲಿಯ ಪ್ರಶ್ನೆಯಾಗಿತ್ತು.

ಈ ನಿಯಮಗಳ ಮೂಲ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಕೇಂದ್ರ ಗೃಹ ಸಚಿವಾಲಯ ಈ ಕಾಯ್ದೆಯಡಿ ಮಾರ್ಗಸೂಚಿ ಹೊರಡಿಸುತ್ತಿತ್ತು, ರಾಜ್ಯ ಸರ್ಕಾರ ಅದನ್ನು ಆಧರಿಸಿ ತನ್ನ ಆದೇಶ ಮಾಡುತ್ತಿತ್ತು, ಜಿಲ್ಲಾಧಿಕಾರಿಗಳು ಅದನ್ನು ಜಾರಿಗೆ ತರುತ್ತಿದ್ದರು. ರಾಜ್ಯಗಳು ಕೇಂದ್ರದ ನಿಯಮವನ್ನು ಬಿಗಿಗೊಳಿಸಬಹುದಿತ್ತು, ಸಡಿಲಿಸುವಂತಿರಲಿಲ್ಲ. ದೆಹಲಿಯಲ್ಲಿ ಅನುಮತಿ ಸಿಕ್ಕಿದೆ ಎಂದು ದೂರದರ್ಶನದಲ್ಲಿ ಕೇಳಿದ ಅಂಗಡಿಕಾರ ಮರುದಿನ ಬಾಗಿಲು ತೆರೆದು ಪೊಲೀಸರಿಂದ ಬೈಸಿಕೊಳ್ಳುವ ಸನ್ನಿವೇಶ ಹುಟ್ಟಿದ್ದು ಈ ಮೂರು ಹಂತಗಳ ನಡುವಿನ ಅಂತರದಲ್ಲಿ. ಕೇಂದ್ರ ಸರ್ಕಾರ ಏಪ್ರಿಲ್ 20ರಿಂದ ಆಯ್ದ ಚಟುವಟಿಕೆಗಳಿಗೆ ಅವಕಾಶ ನೀಡಿದ್ದರೂ ಕರ್ನಾಟಕದ ಸಡಿಲಿಕೆಯ ಆದೇಶ ಹೊರಬಿದ್ದದ್ದು ಏಪ್ರಿಲ್ 22ರಂದು.

ಮೊದಲ ಆದೇಶದ ವಿನಾಯಿತಿ ಪಟ್ಟಿಯಲ್ಲಿ ದಿನಸಿ, ಹಾಲು, ತರಕಾರಿ, ಮಾಂಸ, ಔಷಧ, ಬ್ಯಾಂಕುಗಳಿದ್ದವು. ರೈತರು ಮತ್ತು ಕೃಷಿ ಕಾರ್ಮಿಕರು ಹೊಲದಲ್ಲಿ ಮಾಡುವ ಕೆಲಸ ಸೇರ್ಪಡೆಯಾದದ್ದು ಮಾರ್ಚ್ 27ರ ತಿದ್ದುಪಡಿಯಲ್ಲಿ. ಏಪ್ರಿಲ್ 15ರ ಸಮಗ್ರ ಮಾರ್ಗಸೂಚಿ ಚಹಾ, ಕಾಫಿ ಮತ್ತು ರಬ್ಬರ್ ತೋಟಗಳಿಗೆ ಗರಿಷ್ಠ ಶೇ. 50ರಷ್ಟು ಕಾರ್ಮಿಕರೊಂದಿಗೆ ಕೆಲಸ ಮಾಡಲು ಅನುಮತಿಸಿತು. ಅಡಿಕೆಯ ಹೆಸರು ಅದರಲ್ಲಿ ಇರಲಿಲ್ಲ. ಮರುದಿನ, ಏಪ್ರಿಲ್ 16ರಂದು ಹೊರಟ ಇನ್ನೊಂದು ಆದೇಶದಲ್ಲಿ ಬಿದಿರು, ತೆಂಗು, ಅಡಿಕೆ, ಕೋಕೋ ಹಾಗೂ ಸಾಂಬಾರ ಬೆಳೆಗಳ ತೋಟ, ಅವುಗಳ ಕೊಯ್ಲು, ಸಂಸ್ಕರಣೆ, ಪ್ಯಾಕಿಂಗ್, ಮಾರಾಟ ಎಲ್ಲಕ್ಕೂ ವಿನಾಯಿತಿ ದೊರೆಯಿತು. ಸಹಕಾರಿ ಪತ್ತಿನ ಸಂಘಗಳು ಅತಿ ಕಡಿಮೆ ಸಿಬ್ಬಂದಿಯೊಂದಿಗೆ ಕೆಲಸ ಮಾಡಬಹುದೆಂದೂ ಅದೇ ಆದೇಶ ಹೇಳಿತು.

ನಗರದ ಓದುಗರಿಗೆ ಇದು ಸಣ್ಣ ಸೇರ್ಪಡೆಯಂತೆ ಕಾಣಬಹುದು. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲೂಕುಗಳ ಮಟ್ಟಿಗೆ ಇಡೀ ಮಾರ್ಗಸೂಚಿಯಲ್ಲಿ ಅತ್ಯಂತ ತೂಕದ ಸಾಲು ಇದೇ. ಏಪ್ರಿಲ್ ಮಧ್ಯದ ವೇಳೆಗೆ ಕೊಯ್ಲು, ಸುಲಿ, ಬೇಯಿಸುವ ಕೆಲಸಗಳು ಬಹುಮಟ್ಟಿಗೆ ಮುಗಿದಿರುತ್ತವೆ. ಒಣಗಿದ ಅಡಿಕೆ ಚೀಲದಲ್ಲಿ ಕುಳಿತಿರುತ್ತದೆ. ಬೆಳೆಗಾರನ ಕೈಗೆ ಹಣ ಬರಬೇಕಾದರೆ ಮಂಡಿ ತೆರೆಯಬೇಕು, ಸಾಲದ ವ್ಯವಹಾರ ನಡೆಯಬೇಕಾದರೆ ಸಹಕಾರಿ ಸಂಘದ ಬಾಗಿಲು ತೆರೆಯಬೇಕು. ಕೂಲಿಯೂ ಆ ಹಣದಿಂದಲೇ ಹೋಗಬೇಕು. ಮಳೆಗಾಲಕ್ಕೆ ಮುನ್ನ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯಬೇಕು. ಅದಕ್ಕೆ ಮೈಲುತುತ್ತ, ಸುಣ್ಣ ಕೊಳ್ಳಲೂ ಕಾಸು ಬೇಕು. ಆದ್ದರಿಂದ 'ಕೊಯ್ಲು' ಎಂಬ ಪದಕ್ಕಿಂತ ಅದರ ಹಿಂದೆ ಬಂದ 'ಮಾರಾಟ' ಎಂಬ ಪದವೇ ಇಲ್ಲಿ ಹೆಚ್ಚು ಬೆಲೆಯುಳ್ಳದ್ದಾಗಿತ್ತು.

ಅನುಮತಿಯೊಂದಿಗೆ ಷರತ್ತುಗಳೂ ಬಂದವು. ಏಪ್ರಿಲ್ 15ರ ಮಾರ್ಗಸೂಚಿಯ ಅನುಬಂಧಗಳಲ್ಲಿ ಕೆಲಸದ ಸ್ಥಳಗಳು ಪಾಲಿಸಬೇಕಾದ ಕ್ರಮಗಳಿದ್ದವು. ಒಳಬರುವ ಪ್ರತಿಯೊಬ್ಬರ ದೇಹದ ಉಷ್ಣಾಂಶ ಪರೀಕ್ಷೆ, ಪ್ರವೇಶದ್ವಾರದಲ್ಲಿ ಮುಟ್ಟದೆ ಬಳಸಬಹುದಾದ ಸ್ಯಾನಿಟೈಸರ್, ಪಾಳಿಗಳ ನಡುವೆ ಒಂದು ಗಂಟೆಯ ಅಂತರ, ಊಟದ ವೇಳೆಯ ಹಂಚಿಕೆ, ಆಸನಗಳ ನಡುವೆ ಆರು ಅಡಿ ದೂರ, ಕಾರ್ಮಿಕರನ್ನು ಕರೆತರುವ ವಾಹನದಲ್ಲಿ ಶೇ. 30ರಿಂದ 40ರಷ್ಟು ಮಾತ್ರ ಜನ, ಕಾರ್ಮಿಕರಿಗೆ ವೈದ್ಯಕೀಯ ವಿಮೆ. ಲಿಫ್ಟಿನಲ್ಲಿ ಗಾತ್ರಕ್ಕೆ ತಕ್ಕಂತೆ ಇಬ್ಬರು ಅಥವಾ ನಾಲ್ವರು ಮಾತ್ರ ಎಂಬ ಸೂಚನೆಯೂ ಇತ್ತು. ಲಿಫ್ಟು, ಪಾಳಿ, ಪ್ರವೇಶದ್ವಾರ ಎಂಬ ಪದಗಳೇ ಸಾಕು. ಇದನ್ನು ಬರೆದವರ ಕಣ್ಣೆದುರು ಇದ್ದದ್ದು ಪೀಣ್ಯದಂತಹ ಕೈಗಾರಿಕಾ ಪ್ರದೇಶವೇ ಹೊರತು ಅಡಿಕೆ ಚಪ್ಪರವಲ್ಲ.

ಅಡಿಕೆ ಸುಲಿಯುವ ಕೆಲಸವನ್ನೇ ನೋಡಬಹುದು. ಸುಲಿಯುವವರು, ಹೆಚ್ಚಾಗಿ ಮಹಿಳೆಯರು, ರಾಶಿಯ ಸುತ್ತ ಒಂದೇ ದೀಪದ ಬೆಳಕಿನಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂರುತ್ತಾರೆ. ಕೂಲಿ ಲೆಕ್ಕ ಸುಲಿದ ಅಳತೆಯ ಮೇಲೆ. ಆರು ಅಡಿಗೊಬ್ಬರಂತೆ ಕೂರಿಸಿದರೆ ಅಂಗಳ ಸಾಲದು; ಅರ್ಧದಷ್ಟು ಜನರನ್ನು ಕರೆದರೆ ಹಸಿ ಅಡಿಕೆ ಸಕಾಲಕ್ಕೆ ಹಂಡೆಗೆ ಹೋಗದೆ ಕೆಡುತ್ತದೆ. ಆ ವರ್ಷದ ಮೊದಲ ಲಾಕ್‌ಡೌನ್ ಸುಲಿಯ ಕಾಲ ಮುಗಿಯುವ ಹೊತ್ತಿಗೆ ಬಂದದ್ದು ಮಲೆನಾಡಿನ ಅದೃಷ್ಟವೆನ್ನಬೇಕು. ವೈದ್ಯಕೀಯ ವಿಮೆಯ ಷರತ್ತಂತೂ ಇಂದು ಒಬ್ಬರ ತೋಟ, ನಾಳೆ ಇನ್ನೊಬ್ಬರ ತೋಟ ಎಂದು ದುಡಿಯುವ ಕೂಲಿಯಾಳಿನ ವಿಷಯದಲ್ಲಿ ಅರ್ಥವನ್ನೇ ಕಳೆದುಕೊಳ್ಳುತ್ತದೆ. ಆತನ ಮಾಲೀಕ ಯಾರೆಂಬುದೇ ವಾರಕ್ಕೊಮ್ಮೆ ಬದಲಾಗುತ್ತದೆ.

ಇನ್ನೊಂದು ವೈಚಿತ್ರ್ಯವೂ ಉಂಟು. ಅಡಿಕೆ ಬೆಳೆಯಲು, ಮಾರಲು ಅನುಮತಿಸಿದ ಅದೇ ಸಚಿವಾಲಯ ಗುಟ್ಕಾ, ತಂಬಾಕು ಮಾರಾಟವನ್ನೂ ಉಗುಳುವುದನ್ನೂ ನಿಷೇಧಿಸಿತ್ತು. ಸೋಂಕಿನ ದೃಷ್ಟಿಯಿಂದ ನಿಷೇಧ ಸರಿಯಾದುದೇ. ಆದರೆ ಎಲೆಯಡಿಕೆಯ ತಟ್ಟೆಯಿಲ್ಲದ ಕೆಲಸದ ಮನೆಯನ್ನು ಮಲೆನಾಡಿನಲ್ಲಿ ಹುಡುಕುವುದು ಕಷ್ಟ.

ಹಾಗೆಂದು ಮುನ್ನೆಚ್ಚರಿಕೆಯ ಕಲ್ಪನೆ ಈ ಭಾಗಕ್ಕೆ ಹೊಸದೇನಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಬೇಸಿಗೆ ಬಂತೆಂದರೆ ಮರುಕಳಿಸುತ್ತದೆ. ದರಗು, ಸೊಪ್ಪು ತರಲು ಕಾಡಿಗೆ ಹೋಗುವ ಮುನ್ನ ಉಣುಗು ಕಚ್ಚದಂತೆ ಮೈಗೆ ಡಿಎಂಪಿ ತೈಲ ಸವರಿಕೊಳ್ಳಬೇಕೆಂಬ ಸೂಚನೆಯನ್ನು ಜನ ಬಹುಕಾಲದಿಂದ ಕೇಳಿದ್ದಾರೆ. ಕೆಲಸದ ಸ್ವರೂಪವನ್ನು ನೋಡಿ ರೂಪಿಸಿದ ಸರಳ ಸೂಚನೆ ಅದು. ಕೋವಿಡ್ ಮಾರ್ಗಸೂಚಿಯಲ್ಲಿ ಕೊರತೆಯಾದದ್ದು ಈ ಗುಣವೇ.

ನಿಯಮ ಮುರಿದರೆ ಹೊಣೆ ಯಾರದು ಎಂಬ ಆತಂಕ ಉದ್ಯಮಿಗಳನ್ನು ಬಹಳ ಕಾಡಿತು. ವಿಪತ್ತು ನಿರ್ವಹಣಾ ಕಾಯ್ದೆಯ 51ನೇ ಕಲಮಿನ ಪ್ರಕಾರ ಒಂದು ವರ್ಷದವರೆಗೆ, ಪ್ರಾಣಹಾನಿಯಾದಲ್ಲಿ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಒಬ್ಬ ನೌಕರನಿಗೆ ಸೋಂಕು ತಗುಲಿದರೂ ಮಾಲೀಕನ ಬಂಧನವಾಗುತ್ತದೆ, ಕಾರ್ಖಾನೆಗೆ ಮೂರು ತಿಂಗಳು ಬೀಗ ಬೀಳುತ್ತದೆ ಎಂಬ ಸುದ್ದಿ ಹಬ್ಬಿತು. ಅಂತಹ ಯಾವ ಷರತ್ತೂ ಇಲ್ಲವೆಂದು ಕೇಂದ್ರ ಗೃಹ ಕಾರ್ಯದರ್ಶಿಗಳು ಏಪ್ರಿಲ್ 23ರಂದು ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು.

ವೇತನದ ವಿಷಯದಲ್ಲಿ ಗೊಂದಲ ಇನ್ನೂ ಆಳವಾಗಿತ್ತು. ಮುಚ್ಚಿದ ಅವಧಿಗೂ ಕಡಿತವಿಲ್ಲದೆ ವೇತನ ನೀಡಬೇಕೆಂದು ಅಂಗಡಿಗಳನ್ನೂ ಒಳಗೊಂಡಂತೆ ಎಲ್ಲ ಉದ್ಯೋಗದಾತರಿಗೆ ಮಾರ್ಚ್ 29ರಂದು ಆದೇಶವಾಗಿತ್ತು. ಮೇ 18ರಿಂದ ಅದು ಜಾರಿಯಲ್ಲಿ ಉಳಿಯಲಿಲ್ಲ. ಜೂನ್ 12ರಂದು ಸುಪ್ರೀಂ ಕೋರ್ಟ್ ಉದ್ಯೋಗದಾತರ ಮೇಲೆ ಬಲವಂತದ ಕ್ರಮ ಬೇಡವೆಂದೂ ಎರಡೂ ಕಡೆಯವರು ಮಾತುಕತೆಯಿಂದ ಇತ್ಯರ್ಥ ಮಾಡಿಕೊಳ್ಳಬಹುದೆಂದೂ ಹೇಳಿತು. ಹೋಟೆಲಿನ ಸಪ್ಲೈಯರ್ ಮತ್ತು ಬಟ್ಟೆ ಅಂಗಡಿಯ ಸಹಾಯಕಿಯ ಪಾಲಿಗೆ ಮಾತುಕತೆ ಎಂದರೆ ಮಾಲೀಕನ ಮನಸ್ಸು ಎಂದೇ ಅರ್ಥ. ಇದೇ ನಡುವೆ ರಾಜ್ಯ ಸರ್ಕಾರ ಮೇ 22ರಂದು ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಮೆಗೆ ಅವಕಾಶ ಕೊಟ್ಟು, ವಿರೋಧ ಬಂದ ಮೇಲೆ ಜೂನ್ 11ರಂದು ಹಿಂಪಡೆಯಿತು.

ಶಿವಮೊಗ್ಗ ಜಿಲ್ಲೆಯಲ್ಲಿ ಮೊದಲ ಸೋಂಕು ಪತ್ತೆಯಾದದ್ದು 2020ರ ಮೇ 10ರಂದು, ಹೊರರಾಜ್ಯದಿಂದ ಮರಳಿದವರಲ್ಲಿ. ಅಲ್ಲಿಯತನಕ ಜಿಲ್ಲೆ ಹಸಿರು ವಲಯದಲ್ಲಿತ್ತು. ಜೂನ್ 8ರಿಂದ ಹೋಟೆಲುಗಳಿಗೆ ಅರ್ಧ ಆಸನಗಳೊಂದಿಗೆ ಅನುಮತಿ ಸಿಕ್ಕಿತು. ಅಂಗಡಿಯಲ್ಲಿ ಒಮ್ಮೆಗೆ ಐವರಿಗಿಂತ ಹೆಚ್ಚು ಗ್ರಾಹಕರು ಇರಬಾರದೆಂಬ ನಿಯಮ ಮುಂದುವರಿಯಿತು. ಆ ವರ್ಷದ ಅಕ್ಟೋಬರಿನಲ್ಲಿ ಮಾಸ್ಕ್ ಧರಿಸದವರಿಗೆ ದಂಡ ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ 250 ರೂ., ಹಳ್ಳಿಗಳಲ್ಲಿ 100 ರೂ. ಎಂದು ನಿಗದಿಯಾಯಿತು.

ಎರಡನೇ ಅಲೆಯ ಪರಿಸ್ಥಿತಿ ಬೇರೆ. 2021ರ ಏಪ್ರಿಲ್ 27ರಿಂದ ರಾಜ್ಯ ಸರ್ಕಾರವೇ ನಿರ್ಬಂಧ ಹೇರಿತು. ಅಗತ್ಯ ವಸ್ತುಗಳ ಅಂಗಡಿಗಳಿಗೆ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶ. ಕೃಷಿ ಕೆಲಸಕ್ಕೆ ತಡೆಯಿರಲಿಲ್ಲ. ಜೂನ್ 14ರಂದು ಹೆಚ್ಚಿನ ಜಿಲ್ಲೆಗಳಲ್ಲಿ ನಿರ್ಬಂಧ ಸಡಿಲಗೊಂಡರೂ ಶಿವಮೊಗ್ಗ ಸೇರಿದಂತೆ 11 ಜಿಲ್ಲೆಗಳಲ್ಲಿ ಇನ್ನೊಂದು ವಾರ ಮುಂದುವರಿಯಿತು. ಅದು ಮಲೆನಾಡಿನಲ್ಲಿ ಮಳೆ ಹಿಡಿಯುವ ಹೊತ್ತು, ಬೋರ್ಡೋ ಸಿಂಪಡಣೆಗೆ ಬಿಸಿಲಿನ ಬಿಡುವು ಕಾಯುವ ಹೊತ್ತು. ತೋಟದ ಕೆಲಸಕ್ಕೆ ಅನುಮತಿಯಿದ್ದರೂ ಬಸ್ಸುಗಳಿರಲಿಲ್ಲವಾದ್ದರಿಂದ ದೂರದ ಊರಿನ ಆಳುಗಳು ಬರುವುದು ಕಷ್ಟವಾಗಿತ್ತು.

ವಿಪತ್ತು ನಿರ್ವಹಣಾ ಕಾಯ್ದೆಯಡಿ ಹೊರಡಿಸಿದ್ದ ಕೇಂದ್ರದ ಆದೇಶಗಳು 2022ರ ಮಾರ್ಚ್ 31ಕ್ಕೆ ಕೊನೆಗೊಂಡವು. ಕಾಯ್ದೆ ಮಾತ್ರ ಉಳಿದಿದೆ. ಮತ್ತೊಮ್ಮೆ ಇಂತಹ ಸಂದರ್ಭ ಬಂದರೆ ಗೃಹ ಸಚಿವಾಲಯ ಇದರಡಿಯಲ್ಲೇ ವಿನಾಯಿತಿ ಪಟ್ಟಿ ಹೊರಡಿಸಬಹುದು, ಅಡಿಕೆಯ ಹೆಸರು ಅದರಲ್ಲಿ ಮೊದಲ ದಿನವೇ ಇರುತ್ತದೋ ಮೂರು ವಾರ ಕಳೆದ ಮೇಲೆ ಬರುತ್ತದೋ ಎಂಬುದು ಪಟ್ಟಿ ಬರೆಯುವವರಿಗೆ ಬಿಟ್ಟದ್ದು.