ಹಳದಿ ಇಳಿದರೆ ರೋಗ ಇಳಿದಂತಲ್ಲ

"ಸರ್, ನಮ್ಮಪ್ಪಗ ಪಿತ್ತನಾಳದ ಕ್ಯಾನ್ಸರ್ ಅಂದಾರ್ರೀ. ಆಪರೇಷನ್ ಮಾಡ್ಸಿದ್ರ ಉಳೀತಾರೇನ್ರೀ?" ಹಳಿಯಾಳ ತಾಲ್ಲೂಕಿನ ತೇರಗಾಂವದ ವೀಕ್ಷಕರೊಬ್ಬರ ಪ್ರಶ್ನೆ ಇದು. ಇವತ್ತು ರಾಜಕೀಯ ಪಕ್ಕಕ್ಕಿಡೋಣ ವೀಕ್ಷಕರೇ, ಇದನ್ನೇ ಮಾತಾಡೋಣ.

ನಾನು ಡಾಕ್ಟರಲ್ಲ, ಓದಿದ್ದು ಎಂಜಿನಿಯರಿಂಗ್. ಆದ್ರೆ ಈ ಕಾಯಿಲೆ ಅರ್ಥ ಆಗೋಕೆ ಪೈಪ್‌ಲೈನ್ ಗೊತ್ತಿದ್ರೆ ಸಾಕು. ನಮ್ಮ ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್‌ವರೆಗೆ ಪಿತ್ತರಸ ತಯಾರಿಸುತ್ತೆ. ಅದನ್ನು ಕರುಳಿಗೆ ಸಾಗಿಸುವ ಪೈಪೇ ಪಿತ್ತನಾಳ. ಅದರ ಒಳಗೋಡೆಯಲ್ಲಿ ಗಡ್ಡೆ ಬೆಳೆದ್ರೆ ಪಿತ್ತ ಹಿಂದೆ ನಿಲ್ಲುತ್ತೆ, ರಕ್ತಕ್ಕೆ ಸೇರುತ್ತೆ. ಕಣ್ಣು ಹಳದಿ, ಮೂತ್ರ ಕಡು ಹಳದಿ, ಮಲ ಮಾತ್ರ ಬಿಳಿಚಿಕೊಂಡಿರುತ್ತೆ. ಮೈಯೆಲ್ಲಾ ತುರಿಕೆ. ಎಷ್ಟೋ ಜನಕ್ಕೆ ನೋವೇ ಇರಲ್ಲ.

ಮೊದಲು ದಾರಿ ತಪ್ಪೋದು ಇಲ್ಲೇ. ಹಳದಿ ಅಂದ ಕೂಡಲೇ ನಮ್ಮಲ್ಲಿ ಕಾಮಾಲೆಗೆ ನಾಟಿ ಔಷಧಿ, ಪಥ್ಯ, ಕೆಲವು ಕಡೆ ಬರೆ ಹಾಕೋದು. ವೈರಸ್‌ನಿಂದ ಬರುವ ಕಾಮಾಲೆ ಬಹುತೇಕ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತೆ, ಹೆಸರು ಔಷಧಿಗೆ ಬರುತ್ತೆ. ಪೈಪು ಕಟ್ಟಿಕೊಂಡು ಬಂದ ಕಾಮಾಲೆ ಹಾಗಲ್ಲ. ಕಟ್ಟಿಸಿದ್ದು ಕಲ್ಲೂ ಇರಬಹುದು, ಎಲ್ಲಾ ಕ್ಯಾನ್ಸರ್ ಅಲ್ಲ. ಆದ್ರೆ ಒಂದು ರಕ್ತಪರೀಕ್ಷೆ, ಒಂದು ಹೊಟ್ಟೆ ಸ್ಕ್ಯಾನಿಂಗ್ ಆಗದೆ ಅದು ತಿಳಿಯೋಕೆ ಶುರುವಾಗೋದೇ ಇಲ್ಲ.

ಎರಡನೇ ಸಲ ದಾರಿ ತಪ್ಪೋದು ಸ್ಟೆಂಟ್ ಹಾಕಿದ ಮೇಲೆ. ಎಂಡೋಸ್ಕೋಪಿಯಲ್ಲಿ ಸಣ್ಣ ಕೊಳವೆ ಇಟ್ಟರೆ ಪಿತ್ತ ಹರಿಯುತ್ತೆ, ಹಳದಿ ಇಳಿಯುತ್ತೆ, ಊಟ ಸೇರುತ್ತೆ. ಮನೆಯವರು ವಾಸಿಯಾಯ್ತು ಅಂದುಕೊಳ್ತಾರೆ. ಅದು ರಿಪೇರಿ ಅಲ್ಲ, ನೀರು ಹೋಗೋಕೆ ಮಾಡಿಕೊಟ್ಟ ದಾರಿ ಅಷ್ಟೇ. ಗಡ್ಡೆ ಅಲ್ಲೇ ಇದೆ.

ಹಾಗಾದ್ರೆ ಆಪರೇಷನ್? ಗಡ್ಡೆ ಎಲ್ಲಿದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಅರ್ಧಕ್ಕೂ ಹೆಚ್ಚು ಜನಕ್ಕೆ ಅದು ಲಿವರ್‌ನ ಬಾಗಿಲಲ್ಲೇ, ಎಡ ಬಲ ನಾಳಗಳು ಕೂಡುವ ಕಡೆ ಇರುತ್ತೆ. ಅಲ್ಲಿದ್ರೆ ನಾಳದ ಜೊತೆ ಲಿವರ್‌ನ ಒಂದು ಭಾಗವನ್ನೂ ತೆಗೀತಾರೆ. ಉಳಿದ ಲಿವರ್ ಬೆಳೆದುಕೊಳ್ಳುತ್ತೆ. ಗಡ್ಡೆ ಕೆಳತುದಿಯಲ್ಲಿದ್ರೆ ವಿಪ್ಪಲ್ ಆಪರೇಷನ್: ಮೇದೋಜೀರಕ ಗ್ರಂಥಿಯ ತಲೆಭಾಗ, ಸಣ್ಣ ಕರುಳಿನ ಆರಂಭ, ಪಿತ್ತಕೋಶ ತೆಗೆದು ಮತ್ತೆ ಜೋಡಿಸೋದು. ರಕ್ತನಾಳ ಸುತ್ತಿಕೊಂಡಿದ್ರೆ, ಬೇರೆ ಕಡೆ ಹರಡಿದ್ರೆ ಸಾಮಾನ್ಯವಾಗಿ ಆಪರೇಷನ್ ಆಗಲ್ಲ. ಕಾಯಿಲೆ ಗೊತ್ತಾಗೋ ಹೊತ್ತಿಗೆ ಹೆಚ್ಚಿನವರ ಸ್ಥಿತಿ ಇದೇ.

ಈಗ ಲೆಕ್ಕ ನೋಡಿ. ಆಪರೇಷನ್ ಆಗದವರ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಬ್ರಿಟನ್‌ನ ಅಧ್ಯಯನದಲ್ಲಿ, ಎರಡು ಔಷಧಿಗಳ ಕೀಮೋ ಪಡೆದವರಲ್ಲಿ ಅರ್ಧದಷ್ಟು ಜನ ಬದುಕಿದ್ದು 11.7 ತಿಂಗಳಿಗಿಂತ ಹೆಚ್ಚು. ಆಪರೇಷನ್ ಆದವರ ಮೇಲಿನ, 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ನಂತರ ಆರು ತಿಂಗಳು ಕ್ಯಾಪೆಸಿಟಾಬಿನ್ ಮಾತ್ರೆ ತಗೊಂಡವರಲ್ಲಿ ಅರ್ಧದಷ್ಟು ಜನ 51 ತಿಂಗಳು ದಾಟಿದರು. ಮಾತ್ರೆ ಇಲ್ಲದವರಲ್ಲಿ ಅದು 36 ತಿಂಗಳು. ಇಬ್ಬರ ರೋಗದ ಹಂತ ಬೇರೆ ಬೇರೆ, ನೇರ ಹೋಲಿಕೆ ಸರಿಯಲ್ಲ. ಆದ್ರೂ ಒಂದು ಕಡೆ ತಿಂಗಳ ಲೆಕ್ಕ, ಇನ್ನೊಂದು ಕಡೆ ವರ್ಷದ ಲೆಕ್ಕ. ಹಾಗಂತ ಸುಳ್ಳು ಭರವಸೆ ಬೇಡ. ಗಡ್ಡೆ ಪೂರ್ತಿ ತೆಗೆದರೂ ಐದು ವರ್ಷ ದಾಟೋದು ನೂರರಲ್ಲಿ ಸುಮಾರು 25ರಿಂದ 40 ಮಂದಿ.

ತೇರಗಾಂವದವರಿಗೆ ಜಿಲ್ಲಾ ಕೇಂದ್ರ ಕಾರವಾರ ಅಂದ್ರೆ ಘಟ್ಟ ಇಳೀಬೇಕು, ಧಾರವಾಡ ಹುಬ್ಬಳ್ಳಿಯೇ ಹತ್ತಿರ. ಉತ್ತರ ಕನ್ನಡದ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಕೂಗಿದ್ದು ಸುಮ್ಮನೆ ಅಲ್ಲ. ಆ ಕೂಗು ಸರ್ಕಾರಕ್ಕೆ ಕೇಳಲೇಬೇಕು. ಆದ್ರೆ ಗಡ್ಡೆ ಆಸ್ಪತ್ರೆ ಕಟ್ಟೋವರೆಗೆ ಕಾಯಲ್ಲ.

ಹಾಗಾಗಿ ಡಾಕ್ಟರ್ ಮುಂದೆ ಕೂತಾಗ ಸಂಕೋಚ ಬೇಡ, ನಾಲ್ಕು ಪ್ರಶ್ನೆ ಕೇಳಿ. ಸ್ಟೆಂಟ್‌ಗೆ ಮುಂಚೆ ಸಿ.ಟಿ. ಅಥವಾ ಎಂ.ಆರ್.ಐ. ಆಗಿದೆಯಾ? ಆಪರೇಷನ್ ಆಗಲ್ಲ ಅಂತ ಹೇಳಿದ್ದು ಲಿವರ್ ಸರ್ಜನ್ನಾ? ಇಂಥ ಆಪರೇಷನ್ ಇಲ್ಲಿ ವರ್ಷಕ್ಕೆ ಎಷ್ಟು ಆಗುತ್ತೆ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಇದು ಬರುತ್ತಾ? ಬಿಪಿಎಲ್ ಕುಟುಂಬಕ್ಕೆ ಆ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ.

ಆಪರೇಷನ್ ಮಾಡೋದು ಸರ್ಜನ್ ಕೈ. ಆ ಕೈಗೆ ರೋಗಿಯನ್ನು ಹೊತ್ತಿಗೆ ಸರಿಯಾಗಿ ತಲುಪಿಸೋದು ಮನೆಯವರ ಕೈ. ಕಣ್ಣು ಹಳದಿ ಕಂಡ ವಾರದಲ್ಲೇ ಸ್ಕ್ಯಾನಿಂಗ್ ಮಾಡ್ಸಿ.