ಮೋಡದ ನೆತ್ತಿ, ಮೋಡದ ಹೊಟ್ಟೆ

ಹುಬ್ಬಿ ಮಳೆಯ ದಿನಗಳು. ಗಬ್ಬೂರಿನ ಹಳೆಯ ಗುಡಿಯ ಕಲ್ಲುಕಟ್ಟೆಯ ಮೇಲೆ ಕೂತರೆ ಎದುರಿಗೆ ಎರೆಹೊಲ, ಮೊಣಕಾಲು ದಾಟಿದ ಹತ್ತಿ, ಅದರಾಚೆ ತೊಗರಿ. ಪಡುವಣದಿಂದ ಬೂದುಮೋಡಗಳು ಕೈಗೆ ಎಟುಕುವಷ್ಟು ಕೆಳಗೆ ಓಡುತ್ತಿವೆ. ನೆರಳು ಹೊಲವನ್ನು ಸವರಿಕೊಂಡು ಹೋಗುತ್ತದೆ, ಹನಿ ಬೀಳುವುದಿಲ್ಲ.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಮೊಬೈಲಿನತ್ತ ಬಗ್ಗಿದರು. ತೆರೆಯ ಮೇಲೆ ಇನ್ಸಾಟ್-3ಡಿಎಸ್ ಕಳಿಸಿದ ಇನ್‌ಫ್ರಾರೆಡ್ ಚಿತ್ರ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ಸೀಮೆ ಅದರಲ್ಲಿ ಬರೀ ಬೂದಿ ಬಳಿದಂತೆ.

"ಮ್ಯಾಲೆ ನೋಡಿದ್ರ ಮೋಡ ತುಂಬ್ಯಾವ, ಇದ್ರಾಗ ಒಂದೂ ಕಾಣವಲ್ದಲ್ಲ ತಮ್ಮಾ?"

ಕೇಳಬೇಕಾದ್ದನ್ನೇ ಕೇಳಿದ್ದರು. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಿಂದ ಉಪಗ್ರಹ ನೋಡುವುದು ಮೋಡದ ನೆತ್ತಿಯನ್ನು. ನಮಗೆ ಕಾಣುವುದು ಅದರ ಹೊಟ್ಟೆ. ಈ ಚಿತ್ರ ಅಳೆಯುವುದೂ ಬೆಳಕನ್ನಲ್ಲ, ಶಾಖವನ್ನು. ಎತ್ತರಕ್ಕೆ ಬೆಳೆದು ನೆತ್ತಿ ಹೆಪ್ಪುಗಟ್ಟಿದ ಮೋಡ ಬೆಳ್ಳಗೆ ಮೂಡುತ್ತದೆ. ಪಶ್ಚಿಮಘಟ್ಟದಲ್ಲೇ ನೀರಿಳಿಸಿ ಬರುವ ಈ ತಗ್ಗು ಮೋಡಗಳ ನೆತ್ತಿ ಅಷ್ಟೇನೂ ತಣ್ಣಗಿರದೆ, ನೆಲದ ಬಣ್ಣದಲ್ಲೇ ಕಲೆತುಹೋಗುತ್ತದೆ. ಬೆಳಕಿನ ಚಿತ್ರ ತೆರೆದು ತೋರಿಸಿದೆ. ಹಿಂಜಿದ ಅರಳೆಯಂತೆ ಮೋಡಗಳು ಅಲ್ಲಿದ್ದವು.

"ಹಂಗಾರ ಇವು ಬರೇ ನೆಳ್ಳಿನ ಮೋಡ."

ಹೌದು ಕಾಕಾ, ನೆಳ್ಳಿನವು.

ಅರ್ಧ ಗಂಟೆಗೊಂದು ಹೊಸ ಚಿತ್ರ. ನಾಲ್ಕರ ಹೊತ್ತಿಗೆ ಮೂಡಲಲ್ಲಿ, ರಾಯಚೂರಿನಾಚೆ, ಸಾಸಿವೆಯಷ್ಟು ಬಿಳಿ ಚುಕ್ಕೆ. ಮುಂದಿನ ಚಿತ್ರದಲ್ಲಿ ಅದು ಜೋಳದ ಕಾಳಾಗಿತ್ತು. ಗುಡುಗಿನ ಮೋಡ. ಇತ್ತ ಬರುತ್ತದೆಯೇ? ಚಿತ್ರದ ಒಂದೊಂದು ಚೌಕ ನಾಲ್ಕು ಕಿಲೋಮೀಟರ್ ಅಗಲ. ಅಷ್ಟರೊಳಗೇ ಒಬ್ಬರ ಹೊಲ ತೊಯ್ದು ಬದುವಿನಾಚೆಯದು ಒಣಗಿರುತ್ತದೆ. ಅದಕ್ಕೇ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆಮಾಪಕ ಇಟ್ಟಿದ್ದಾರೆ. ಅದು ಬಿದ್ದ ಮಳೆಯ ಲೆಕ್ಕ. ಬೀಳಲಿರುವ ಹನಿಯನ್ನು ಮೋಡದ ಒಳಗೇ ಪತ್ತೆಹಚ್ಚುವುದು ರಾಡಾರ್. 2017ರ ವರ್ಷಧಾರಿ ಮೋಡಬಿತ್ತನೆಗೆಂದು ಕೃಷ್ಣೆಯಾಚೆಯ ಸುರಪುರದಲ್ಲಿ ಅಂಥದೊಂದನ್ನು ನಿಲ್ಲಿಸಿದ್ದರು. ಬಿತ್ತನೆಯ ಮಾತು ಹಾಗಿರಲಿ, ಮಳೆಗಾಲ ಪೂರ್ತಿ ಎವೆಯಿಕ್ಕದೆ ನೋಡುವ ಅಂಥ ಕಣ್ಣು ಈ ಸೀಮೆಯ ರೈತರಿಗೆ ಬೇಕೇ ಬೇಕು.

ಹಿರಿಯರು ಮೊಬೈಲ್ ನೋಡುವುದನ್ನು ಬಿಟ್ಟು ಮುಖ ಎತ್ತಿದರು. "ಗಾಳಿ ತಿರುಗ್ತು. ತಣ್ಣಗ ಬರಾಕತ್ತೈತಿ." ಬಯಲಲ್ಲಿ ಒಣಹಾಕಿದ್ದ ಹೆಸರುಕಾಳಿನತ್ತ ಹೆಜ್ಜೆ ಹಾಕಿದರು. ನಾನು ತಾಡಪತ್ರಿಯ ಇನ್ನೊಂದು ತುದಿ ಹಿಡಿದೆ.